ನಳದ ಬಟ್ಟೆಯೂ ಶೋಭಾಳ ಡಿಫಾಲ್ಟೂ

ನಮ್ಮ ಮನೆಯ ನಳಗಳೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತವೆ. ಮೊದಲ ಸಲ ಬಂದವರು ಕೈ ತೊಳೆಯಲು ಹೋಗಿ ಅಲ್ಲೇ ಒಂದು ಗಳಿಗೆ ನಿಂತುಬಿಡುತ್ತಾರೆ. ಒಬ್ಬರಂತೂ ಹೊರಗೆ ಬಂದು, "ಯಾಕ್ರಿ ಅಕ್ಕಾರ, ನಿಮ್ಮ ನಳಕ್ಕ ಹಲ್ಲಬ್ಯಾನಿ ಹತ್ತೇತೇನ್ರಿ?" ಎಂದು ಕೇಳಿದ್ದರು. ಹಲ್ಲುನೋವಲ್ಲ, ಧರ್ಮ. ನಾವು ಜೈನರು, ಸೋಸದ ನೀರು ಕುಡಿಯುವುದಿಲ್ಲ. ನನ್ನ ತವರು ಕಣಗಲಾದಲ್ಲಿ ಬಾವಿಯಿತ್ತು. ನೀರು ಸೇದಿ, ಮಡಿಸಿದ ಬಟ್ಟೆಯಲ್ಲಿ ಸೋಸಿ, ಆಮೇಲೆ ಆ ಬಟ್ಟೆಯನ್ನು ಮಗುಚಿ ಹಿಡಿದು, ಸಿಕ್ಕಿಬಿದ್ದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಮರಳಿ ಬಾವಿಗೆ ಬಿಡುತ್ತಿದ್ದೆವು. ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಬಾವಿಯ ಜಾಗಕ್ಕೆ ನಳ ಬಂತು. ಬಟ್ಟೆ ಮಾತ್ರ ನನ್ನ ಸಂಗಡವೇ ಬಂತು.

ಈ ಬಟ್ಟೆಯ ಬಗ್ಗೆ ನನಗೆ ಇರುವ ಪ್ರೀತಿಗೆ ಕಾರಣ ಬೇರೆ. ಇವತ್ತು ನೀರು ಸೋಸಬೇಕೋ ಬೇಡವೋ ಎಂದು ಅದು ನನ್ನನ್ನು ಕೇಳುವುದಿಲ್ಲ. ಬೆಳಗಿನ ಹೊತ್ತು ನನ್ನ ತಲೆ ಹೇಗಿರುತ್ತದೆಂದು ನಿಮಗೆ ಗೊತ್ತು. ಒಲೆಯ ಮೇಲೆ ಹಾಲು, ಹಂಚಿನ ಮೇಲೆ ರೊಟ್ಟಿ, ಬಾಗಿಲಲ್ಲಿ ಕಾಯಿಪಲ್ಲೆಯವಳು, ಬಸದಿಗೆ ಹೊತ್ತಾಯಿತೆಂದು ಅತ್ತೆಯವರ ಕೂಗು. ಇದರ ನಡುವೆ ಪ್ರತಿ ಕೊಡಕ್ಕೂ ನೆನಪಿಟ್ಟು ಸೋಸಬೇಕಾಗಿದ್ದರೆ ನನ್ನ ಧರ್ಮ ವಾರಕ್ಕೊಮ್ಮೆಯಾದರೂ ಕೆಡುತ್ತಿತ್ತು. ಬಟ್ಟೆ ಕಟ್ಟಿಯೇ ಇರುವುದರಿಂದ ನಾನು ಮರೆತರೂ ನೀರು ಸೋಸಿಯೇ ಬರುತ್ತದೆ. ಸೋಸದ ನೀರೇ ಬೇಕೆಂಬ ಹಟ ಯಾರಿಗಾದರೂ ಇದ್ದರೆ ಅವರು ತಮ್ಮ ಕೈಯಾರೆ ಗಂಟು ಬಿಚ್ಚಬೇಕು. ಒದ್ದೆ ಗಂಟು ಬಿಚ್ಚಿ ನೋಡಿ, ಗೊತ್ತಾಗುತ್ತದೆ. ಅಷ್ಟರೊಳಗೆ ಮನುಷ್ಯನಿಗೆ ಬುದ್ಧಿ ಬಂದಿರುತ್ತದೆ.

ನಮ್ಮ ಮುನಿಗಳು ನಡೆಯುವಾಗ ಮುಂದಿನ ನೆಲವನ್ನು ನೋಡಿಕೊಂಡೇ ಹೆಜ್ಜೆ ಇಡುತ್ತಾರೆ. ಪ್ರತಿ ಹೆಜ್ಜೆಗೂ ಎಚ್ಚರ. ಪ್ರವಚನದಲ್ಲಿ ಕುಳಿತು ಇದನ್ನು ಕೇಳುವಾಗಲೆಲ್ಲ ನನಗೆ ಅಳುಕು; ಯಾಕೆಂದರೆ ನಾನು ಅಡುಗೆಮನೆಯಲ್ಲಿ ನಡೆಯುವುದು ಕಣ್ಣು ಹಾಲಿನ ಮೇಲಿಟ್ಟು, ಕಿವಿ ಬಾಗಿಲಿನ ಮೇಲಿಟ್ಟು. ಹಿರಿಯರಿಗೆ ಇದು ಗೊತ್ತಿತ್ತೆಂದು ನನ್ನ ನಂಬಿಕೆ. ಅದಕ್ಕೇ ಮುನಿಗಳಿಗೆ ಎಚ್ಚರ ಕೊಟ್ಟರು, ನಮ್ಮಂಥವರಿಗೆ ಬಟ್ಟೆ ಕೊಟ್ಟರು. ಭಗವಂತನ ಸಣ್ಣ ಸಣ್ಣ ದಯೆಗಳನ್ನು ಎಣಿಸಲು ಕುಳಿತರೆ ನಾನು ಮೊದಲು ಎಣಿಸುವುದು ಇದನ್ನೇ.

ಇಷ್ಟು ಹೇಳಿದ್ದು ನನ್ನ ನೆಗೆಣ್ಣಿ ಶೋಭಾಳ ಮಾತಿಗೆ ಬರಲು. ಶೋಭಾ ನನ್ನ ಮೈದುನನ ಹೆಂಡತಿ, ಮೂಡಲಗಿಯ ಹುಡುಗಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಅಡುಗೆಮನೆಯ ಬಾಜೂ ಇರುವ ಕಾಳಿನ ಕೋಣೆಯಲ್ಲಿ ಜೋಳದ ಚೀಲ ಸರಿಸಿ ಅವಳ ಕಂಪ್ಯೂಟರ್ ಇಟ್ಟೆವು. ಅವಳು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಭಾಷೆಗೆ ಒಂದು ಹೆಬ್ಬಾವಿನ ಹೆಸರು. ಇದನ್ನು ಕೇಳಿದ ದಿನ ಅತ್ತೆಯವರು, "ಹಾವಿನ ಭಾಷಾ ಕಲತ ಸೊಸಿನ್ನ ತಂದೇವಲ್ಲ, ಇನ್ನ ನಾವು ಪುಂಗಿ ಊದೂದ ಕಲೀಬೇಕು" ಎಂದಿದ್ದರು. ಅಂದಿನಿಂದ ಆ ಭಾಷೆ ನಮ್ಮ ಮನೆಯಲ್ಲಿ ಹೆಬ್ಬಾವೇ.

ಗೋಕಾಕದಲ್ಲಿ ರಕ್ತ ತಪಾಸಣೆಯ ಒಂದು ಲ್ಯಾಬು. ಅದಕ್ಕೆ ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು ಸಣ್ಣ ಅಂಗಡಿ. ಅಲ್ಲಿ ರಕ್ತ ತೆಗೆದುಕೊಳ್ಳುತ್ತಾರೆ, ತಪಾಸಣೆ ಬೆಳಗಾವಿಯ ದೊಡ್ಡ ಲ್ಯಾಬಿನಲ್ಲಿ. ಮೊದಲು ರಿಪೋರ್ಟುಗಳು ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತಿದ್ದವು. ಶೋಭಾ ಬರೆದ ಪ್ರೋಗ್ರಾಮು ಇಂಟರ್‌ನೆಟ್ಟಿನ ಮೇಲೆ ಬೆಳಗಾವಿಗೆ ಹೋಗಿ, ಅಲ್ಲಿನ ಮಷಿನ್ನಿಗೆ ಕೇಳಿ, ರಿಪೋರ್ಟು ತಂದು ಊರೂರಲ್ಲಿ ಪ್ರಿಂಟು ಮಾಡುತ್ತಿತ್ತು. ಅದು ಅವಳ ಮೊದಲ ಕೆಲಸ. ಮನೆಯಲ್ಲಿ ಕುಳಿತು ಮಾಡುತ್ತಾಳೆಂಬ ಒಂದೇ ಕಾರಣಕ್ಕೆ ಅತ್ತೆಯವರು ಒಪ್ಪಿದ ಕೆಲಸ. ಅದು ಹೋದರೆ ಕಾಳಿನ ಕೋಣೆಗೆ ಮತ್ತೆ ಜೋಳದ ಚೀಲ ಬರುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಮುಂಜಾನೆ ಅವಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಇಲ್ರಿ, ನಾವು ಮೊದಲಿನಿಂದ ಡಿಫಾಲ್ಟ್ ಮ್ಯಾಲೇ ನಡದೇವ್ರಿ. ನಮ್ಮದಷ್ಟ ಅಲ್ಲ, ಎಲ್ಲಾರದೂ ಡಿಫಾಲ್ಟ್ ಐತಿ." ಪಡಸಾಲೆಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ಅತ್ತೆಯವರ ಬೆರಳು ಅಲ್ಲೇ ನಿಂತಿತು. ನಮ್ಮ ಕಡೆ ಆ ಶಬ್ದ ಇರುವುದು ಒಂದೇ ಕಡೆ, ಸೊಸಾಯಿಟಿಯ ಗೋಡೆಯ ಮೇಲೆ. ಸಾಲ ಕಟ್ಟದವರ ಹೆಸರು ಬರೆದು ಹಚ್ಚುತ್ತಾರಲ್ಲ, ಅವರು ಡಿಫಾಲ್ಟರು. ಅತ್ತೆಯವರು ಜಪಮಾಲೆಯನ್ನು ಕಣ್ಣಿಗೊತ್ತಿ ಕೆಳಗಿಟ್ಟು, "ಏನವಾ, ಯಾವಾಗಿಂದ? ನಮ್ಮ ಮನಿತನದಾಗ ಯಾರೂ ಡಿಫಾಲ್ಟ್ ಆಗಿಲ್ಲ!" ಎಂದರು. ನಾವು ಸಮಜಾಯಿಷಿ ಹೇಳುವುದರೊಳಗೆ ಮಾತು ಓಣಿಗೆ ಹೋಗಿತ್ತು. ಮಧ್ಯಾಹ್ನ ಎದುರು ಮನೆಯವರು ಬಂದು, ಏನೂ ಕೇಳದೆ, ಮುಖ ಸಣ್ಣದು ಮಾಡಿಕೊಂಡು ಕುಳಿತು, "ಇರ್ಲಿ ಬಿಡ್ರಿ, ಎಲ್ಲಾರ ಮನ್ಯಾಗೂ ಬರೂದ" ಎಂದು ಹೇಳಿ ಹೋದರು.

ಶೋಭಾಳ ಡಿಫಾಲ್ಟು ಬೇರೆ. ನೀವು ಏನೂ ಹೇಳದಿದ್ದರೆ ಕಂಪ್ಯೂಟರು ತಾನಾಗಿ ಏನು ಮಾಡುತ್ತದೋ ಅದು ಡಿಫಾಲ್ಟಂತೆ. "ಅಂದ್ರ ನಳದ ಬಟ್ಟಿ" ಎಂದೆ. ಅವಳು ಕಣ್ಣರಳಿಸಿ, "ಹೌದ್ರಿ ಅಕ್ಕಾರ. ಖರೆ, ನಮ್ಮ ಹೆಬ್ಬಾವಿನ ನಳಕ್ಕ ಬಟ್ಟಿನ ಇಲ್ರಿ. ಇದು ನನಗ ನಿನ್ನಿ ಗೊತ್ತಾತು" ಎಂದಳು.

ಅವಳು ತಿಳಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಆ ಭಾಷೆಯ ಸಂಗಡವೇ ಒಂದಿಷ್ಟು ತಯಾರು ಸಾಮಾನು ಬರುತ್ತದೆ, ಮದುವೆಯಲ್ಲಿ ಹುಡುಗಿಯ ಸಂಗಡ ಬಾಂಡೆ ಸಾಮಾನು ಬಂದ ಹಾಗೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ, ಪುಸ್ತಕ ಮಾತ್ರ ಒಂದೂ ಇರುವುದಿಲ್ಲ. ಇಂಟರ್‌ನೆಟ್ಟಿನ ಮೇಲೆ ಇನ್ನೊಂದು ಮಷಿನ್ನಿಗೆ ಹೋಗಿ ಕೇಳಿಬರುವ ಸಾಮಾನೂ ಅದರಲ್ಲೇ ಇದೆ. ಎದುರಿನ ಮಷಿನ್ನು ತನ್ನ ಗುರುತಿನ ಚೀಟಿ ತೋರಿಸುತ್ತದೆ: ನಾನು ಬೆಳಗಾವಿಯ ಲ್ಯಾಬು, ನೋಡು, ಇದರ ಮೇಲೆ ದೊಡ್ಡವರ ಸಿಕ್ಕಾ, ಅಂದರೆ ಮುದ್ರೆ, ಇದೆ. ಆ ಸಿಕ್ಕಾ ಖರೆಯೋ ಸುಳ್ಳೋ ಎಂದು ಕೇಳಲು ಹೋದ ಇವನು, ನಮ್ಮ ಹೆಬ್ಬಾವು, ನೋಡಬೇಕು. ನೋಡುವುದಿಲ್ಲ. ಚೀಟಿ ತೋರಿಸಿದರೆ ಸಾಕು, ಮುಂದಿನ ಮಾತನ್ನು ಬಹಳ ಗುಟ್ಟಾಗಿ ಆಡುತ್ತಾನೆ. ಹೊರಗಿನವರಿಗೆ ಒಂದಕ್ಷರ ಕೇಳಿಸದ ಹಾಗೆ ಕಿವಿಯಲ್ಲಿ ಪಿಸುಗುಡುತ್ತಾನೆ. ಆ ಕಿವಿ ಯಾರದೆಂದು ಮಾತ್ರ ನೋಡುವುದಿಲ್ಲ.

ನನಗೆ ನಗು ಬಂತು, ಯಾಕೆಂದರೆ ಇದು ಅಚ್ಚ ನಮ್ಮ ಓಣಿಯ ಪದ್ಧತಿ. ಯಾರೋ ಬಾಗಿಲ ಚಿಲಕ ಬಡಿಯುತ್ತಾರೆ. ನಾವು ಒಳಗಿನಿಂದ "ಯಾರ್ರಿ?" ಎನ್ನುತ್ತೇವೆ. ಹೊರಗಿನಿಂದ "ನಾ ರೀ!" ಎಂದು ಬರುತ್ತದೆ. ಬಾಗಿಲು ತೆರೆಯುತ್ತೇವೆ. ಜಗತ್ತಿನಲ್ಲಿ 'ನಾ' ಅಲ್ಲದವರು ಯಾರಿದ್ದಾರೆ, ಹೇಳಿ? ಒಮ್ಮೆ ಹೀಗೇ "ನಾ ರೀ" ಎಂದು ಬಂದ ಹೆಂಗಸನ್ನು ಅತ್ತೆಯವರು ಒಳಗೆ ಕರೆದು, ಚಹಾ ಕೊಟ್ಟು, ನಾಗನೂರಿನ ನಮ್ಮ ನಂಟರ ಪೈಕಿಯವಳೆಂದುಕೊಂಡು ಅಲ್ಲಿಯವರೆಲ್ಲ ಆರಾಮವೇ ಎಂದು ಕೇಳಿ, ಅವಳೂ ಆರಾಮ ಎಂದು ಹೇಳಿ, ಯಾರದೋ ಮೊಣಕಾಲು, ಯಾರದೋ ಸೊಸೆಯ ಸಿಟ್ಟು ಎಲ್ಲ ಮಾತಾಡಿ ಮುಗಿದ ಮೇಲೆ ಗೊತ್ತಾಯಿತು, ಅವಳು ಹಿಂದಿನ ಓಣಿಯ ಬೇರೆ ಮನೆಗೆ ಬಂದವಳು. ಪಾಪ, ಅವಳು ನಾಗನೂರಿನವಳೂ ಅಲ್ಲ. ಕೇಳಿದ್ದಕ್ಕೆ ಹೌದೆನ್ನುವುದು ಮರ್ಯಾದೆಯೆಂದು ಹೌದೆಂದಿದ್ದಳು. ಅತ್ತೆಯವರು ನಷ್ಟವನ್ನು ಒಪ್ಪಲಿಲ್ಲ; "ಚೊಲೋ ಹೆಣ್ಣಮಗಳು" ಎಂದು ಇವತ್ತಿಗೂ ನೆನೆಯುತ್ತಾರೆ. ಓಣಿಯಲ್ಲಿ ಇದರಿಂದ ಹೋಗುವುದು ಒಂದು ಕಪ್ಪು ಚಹಾ. ಶೋಭಾಳ ದಾರಿಯಲ್ಲಿ ಹೋಗುವುದು ರಕ್ತದ ರಿಪೋರ್ಟು. ನಡುವೆ ಕುಳಿತ ಯಾರೋ ಒಬ್ಬ "ನಾ ರೀ, ಬೆಳಗಾವಿ" ಎಂದರೆ ಊರವರ ಕಾಯಿಲೆಯನ್ನೆಲ್ಲ ಓದಬಹುದು. ಮನಸ್ಸು ಮಾಡಿದರೆ ತಿದ್ದಿಯೂ ಕಳಿಸಬಹುದು.

"ಈ ಭಾಷಾ ಮಾಡಿದವರಿಗೆ ಇದು ಗೊತ್ತಿಲ್ಲೇನ?" ಎಂದು ಕೇಳಿದೆ.

"ಗೊತ್ತೈತ್ರಿ. ಕೈಪಿಡಿ ಪುಸ್ತಕದಾಗ ಎಚ್ಚರಿಕೆ ಅಂತ ಬರದಾರ. ನಾನ ಅದನ್ನ ಓದಿದ್ದಿಲ್ಲ."

ಎಚ್ಚರಿಕೆ ಬರೆದು ಕೈ ತೊಳೆದುಕೊಳ್ಳುವುದು ನನಗೆ ಎಂದೂ ಸರಿ ಕಾಣುವುದಿಲ್ಲ. ಕೊಡದ ಮೇಲೆ 'ಇದು ಸೋಸದ ನೀರು' ಎಂದು ಚೀಟಿ ಅಂಟಿಸಿ ಅಡುಗೆಮನೆಯಲ್ಲಿ ಇಟ್ಟಂತಾಯಿತು. ಬಾಯಾರಿ ಬಂದವನು ಚೀಟಿ ಓದುತ್ತಾನೆಯೇ, ಲೋಟ ಹುಡುಕುತ್ತಾನೆಯೇ? "ನೀನ ಬಟ್ಟಿ ಕಟ್ಟು" ಎಂದೆ. ಕಟ್ಟಿದಳು. ಆ ಲೈಬ್ರರಿಯಲ್ಲಿ ಅದು ಸಲೀಸಲ್ಲವಂತೆ, ಎಲ್ಲೆಲ್ಲಿಂದಲೋ ತಂದು ಹೊಲಿಯಬೇಕಂತೆ. ಹೊಲಿದಳು. ಇನ್ನು ಮೇಲೆ ಚೀಟಿ ನೋಡಿ, ಸಿಕ್ಕಾ ನೋಡಿ, ಸರಿಯಿದ್ದರೆ ಮಾತ್ರ ಮಾತು, ಇಲ್ಲದಿದ್ದರೆ ವಾಪಸು.

ಮರುದಿನ ಮುಂಜಾನೆ ಮೂಡಲಗಿ, ಹುಕ್ಕೇರಿ ಎರಡೂ ಕಡೆ ಪ್ರಿಂಟು ನಿಂತಿತು. ನಿಜ ಸಂಗತಿ ಏನೆಂದರೆ ಬೆಳಗಾವಿಯ ಮಷಿನ್ನು ತನ್ನ ಗುರುತಿನ ಚೀಟಿಯನ್ನು ತಾನೇ ಬರೆದುಕೊಂಡಿತ್ತು. ಸಿಕ್ಕಾ ಕೂಡ ತನ್ನದೇ. ಇಷ್ಟು ದಿನ ಯಾರೂ ನೋಡಿರಲಿಲ್ಲ, ಹಾಗಾಗಿ ನಡೆದಿತ್ತು.

ಲ್ಯಾಬಿನ ಮಾಲಕರು ಸ್ಕೂಟರು ಏರಿ ಮನೆಗೇ ಬಂದರು. ಒಳ್ಳೆಯ ಮನುಷ್ಯರು, ಆದರೆ ಅವತ್ತು ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಗೆ ಬಂದು ನಿಂತರು.

"ಏನ್ ಮಾಡೀರಿ ಬಾಯಾರ? ಮಂದಿ ಸಾಲ ಹಚ್ಚಿ ನಿಂತಾರ ಅಲ್ಲೆ. ನಿನ್ನಿತನಾ ಚೊಲೋ ನಡದಿತ್ತಲ್ಲ!"

"ಸರ್, ನಡದಿತ್ತು, ಖರೆ ಬಾಗಲಾ ತಗದ ಇತ್ರಿ. ಯಾರ ಬೇಕಾದಾವರು ಬೆಳಗಾವಿ ಅಂತ ಹೇಳಿ—"

"ಅಲ್ರಿ, ಗೋಕಾಕದಾಗ ಯಾರಿಗೆ ಅಷ್ಟ ವ್ಯಾಳ್ಯಾ ಐತಿ? ಮಂದಿಯ ಸಕ್ರಿ ರಿಪೋರ್ಟ ಓದಿ ಯಾರ ಏನ ಕರದಂಟ ಮಾಡ್ತಾರೇನು?"

ನನಗೆ ನಗು ತಡೆಯಲಾಗದೆ ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಒಳಗಿನಿಂದಲೇ ಕೇಳಿಸುತ್ತಿತ್ತು. ಶೋಭಾ ಹಿಂದೆ ಸರಿಯಲಿಲ್ಲ. "ರಕ್ತದ ಗುಂಪು ತಪ್ಪಿ ಬಂದ್ರ ಸರ್? ಆಪರೇಷನ್ನಿನ ಮುಂದ ಅದನ್ನ ನೋಡಿ ರಕ್ತಾ ಹಾಕಿದ್ರ? ಕಾಗದದ ಮ್ಯಾಲೆ ನಮ್ಮ ಹೆಸರ ಇರ್ತೈತ್ರಿ."

ಮಾಲಕರು ಮಾತು ತಿರುಗಿಸಿ, "ಒಂದ ಶಬ್ದ ಬದಲ ಮಾಡಿದ್ರ ಮೊದಲಿನಂಗ ಆಕ್ಕೈತೋ ಇಲ್ಲೋ?" ಎಂದರು.

"ಆಕ್ಕೈತ್ರಿ. ಖರೆ ನಾ ಮಾಡೂದಿಲ್ರಿ."

"ಹಂಗಾದ್ರ ಘಟಪ್ರಭಾದ ಕಂಪ್ಯೂಟರದಾಂವಗ ಹೇಳ್ತೇನಿ. ಅಂವ ಮಧ್ಯಾನದೊಳಗ ಬಿಚ್ಚಿ ಕೊಡ್ತಾನ. ಮುಂದಿನ ಕೆಲಸಾನೂ ಅಂವಗ ಹೋಕ್ಕೈತಿ, ತಿಳೀತಿಲ್ಲೋ?"

ಅತ್ತೆಯವರು ಇಲ್ಲಿ ಬಾಯಿ ಹಾಕಿದರು. "ಶೋಭಾ, ಒಂದ ದಿನ ಬಿಚ್ಚಿದ್ರ ಏನ ಆಗತೈತಿ? ಹಿರೇರು ಬಂದ ನಿಂತಾರ, ಬಿಚ್ಚಿ ಕೊಡವಾ." ಹೇಳುತ್ತಿದ್ದವರು ಯಾರು? ಬೀಗರ ಮನೆಗೆ ಹೋದರೂ ಚೀಲದಲ್ಲಿ ಸೋಸುವ ಬಟ್ಟೆ ಇಟ್ಟುಕೊಂಡು ಹೋಗುವವರು. ಅವರನ್ನು ನಾನು ಆಡಿಕೊಳ್ಳುತ್ತಿಲ್ಲ. ನಮ್ಮೆಲ್ಲರ ಗತಿ ಅದೇ. ಅಜ್ಜಿಯ ಕಾಲದಿಂದ ಬಂದ ಎಚ್ಚರಗಳನ್ನು ಪ್ರಾಣ ಹೋದರೂ ಬಿಡುವುದಿಲ್ಲ. ಮೊನ್ನೆ ಬಂದ ವಸ್ತುವಿಗೆ ಮಾತ್ರ ಯಾವ ಮಡಿಯೂ ಇಲ್ಲ. ಕಂಪ್ಯೂಟರಿಗೆ ಇನ್ನೂ ಅಜ್ಜಿ ಹುಟ್ಟಿಲ್ಲ, ಅಷ್ಟೇ.

ನಾನು ಚಹಾ ತಂದಿಟ್ಟೆ. ಕಂಪ್ಯೂಟರಿನ ಬಗ್ಗೆ ನನಗೆ ಏನೂ ಬಾರದು, ಮನುಷ್ಯರನ್ನು ಕುಳ್ಳಿರಿಸುವುದು ಬರುತ್ತದೆ. "ಕುಂಡರ್ರಿ ಕಾಕಾ. ಚಹಾ ಕುಡಿಯೂತನಾ ಆಕೀಗೆ ವ್ಯಾಳ್ಯಾ ಕೊಡ್ರಿ. ಬಿಚ್ಚೂದು ಆಕೀ ಕೈಲೆ ಆಗೂದಿಲ್ಲ, ಬ್ಯಾರೆ ದಾರಿ ಇದ್ರ ಹುಡಕ್ಲಿ" ಎಂದೆ. ಅತ್ತೆಯವರು ನನ್ನನ್ನು ನೋಡಿದರು. ಆ ನೋಟಕ್ಕೆ ಅಡುಗೆಮನೆಯಲ್ಲಿ ಆಮೇಲೆ ಉತ್ತರ ಕೊಡಬೇಕಾಗುತ್ತದೆಂದು ಗೊತ್ತಿತ್ತು. ಆಗಲಿ, ಕೊಟ್ಟರಾಯಿತು ಎಂದುಕೊಂಡೆ. ಕಾಳಿನ ಕೋಣೆಯ ಬಾಗಿಲಿಗೆ ನಿಂತು, ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿಕೊಳ್ಳತೊಡಗಿದೆ.

ಶೋಭಾ ಮೊಬೈಲು ತೆಗೆದು ಬೆಳಗಾವಿಯ ಲ್ಯಾಬಿಗೆ ಫೋನು ಹಚ್ಚಿದಳು. ಅಲ್ಲಿ ಮಷಿನ್ನು ನೋಡಿಕೊಳ್ಳುವವನು ಮಹಾಂತೇಶ, ಅವಳ ಸಂಗಡ ಡಿಪ್ಲೊಮಾ ಓದಿದವನು, ದನಿ ಗುರುತಿನವನು. ದೊಡ್ಡವರ ಸಿಕ್ಕಾ ಇಲ್ಲದಿದ್ದರೆ ಏನಾಯಿತು, ಆ ಚೀಟಿಗೆ ಹೆಬ್ಬೆರಳಿನ ಗುರುತಿನಂಥದೊಂದು ಇರುತ್ತದಂತೆ, ಅಂಕಿ ಅಕ್ಷರಗಳ ಉದ್ದನೆಯ ಸಾಲು. ಮಹಾಂತೇಶ ತನ್ನ ಮಷಿನ್ನಿನ ಮುಂದೆ ಕುಳಿತು ಅದನ್ನು ಓದಬೇಕು. ಇಲ್ಲಿಗೆ ಬಂದದ್ದನ್ನು ಶೋಭಾ ಪರದೆಯ ಮೇಲೆ ನೋಡಬೇಕು. ಎರಡೂ ಒಂದೇ ಆಗಿದ್ದರೆ ನಡುವೆ ಯಾರೂ ಇಲ್ಲ. ಆ ಒಂದು ಗುರುತನ್ನಷ್ಟೇ ಒಪ್ಪು ಎಂದು ಪ್ರೋಗ್ರಾಮಿಗೆ ಹೇಳಿಬಿಟ್ಟರೆ ಕೆಲಸ ನಡೆಯುತ್ತದೆ.

ಕಷ್ಟ ಬಂದದ್ದು ಅಕ್ಷರಗಳಲ್ಲಿ. ಫೋನಿನಲ್ಲಿ ಬಿ ಎಂದರೆ ಡಿ ಕೇಳುತ್ತದೆ, ಡಿ ಎಂದರೆ ಇ. "ಊರ ಹಚ್ಚಿ ಹೇಳೋ ಮಾರಾಯಾ" ಎಂದಳು ಶೋಭಾ. ಆಮೇಲೆ ಶುರುವಾಯಿತು ನೋಡಿ ಜಿಲ್ಲೆಯ ಯಾತ್ರೆ.

"ಅಥಣಿ ಎ. ನಾಕು. ಚಿಕ್ಕೋಡಿ ಸಿ. ಒಂಬತ್ತು. ಧುಪದಾಳ ಡಿ."

"ಧುಪದಾಳ ಐತಿ. ಮುಂದ?"

"ಎಕ್ಸಂಬಾ ಇ. ಏಳು. ಬೆಳಗಾವಿ ಬಿ. ಮತ್ತ ಬೆಳಗಾವಿ ಬಿ. ಎಫ್... ಎಫ್‌ಗೆ ಊರಿಲ್ಲಲ್ಲ ಶೋಭಾ ನಮ್ಮ ಜಿಲ್ಲಾದಾಗ?"

ಎಲ್ಲರೂ ಯೋಚನೆಗೆ ಬಿದ್ದೆವು. ಚಹಾದ ಬಟ್ಟಲು ಹಿಡಿದ ಮಾಲಕರೂ ಯೋಚಿಸಿದರು. ಕೊನೆಗೆ ಅತ್ತೆಯವರೇ ಪಡಸಾಲೆಯಿಂದ, "ಫರಾಳ ಅನ್ರಿ, ಊರ ಯಾಕ ಬೇಕು, ತಿನ್ನೂದರ ಹೆಸರು ಸಾಕು!" ಎಂದು ಕೂಗಿದರು. ಮೂಡಲಗಿ ಹುಕ್ಕೇರಿಯ ರೋಗಿಗಳ ಸುರಕ್ಷೆ ಹೀಗೆ ಅಥಣಿ, ಚಿಕ್ಕೋಡಿ, ಫರಾಳಗಳ ಮೇಲೆ ಹಾಯ್ದು ಕೊನೆ ಮುಟ್ಟಿತು. ಒಂದಕ್ಷರವೂ ತಪ್ಪಿರಲಿಲ್ಲ. ಶೋಭಾ ಕೀಲಿಮಣೆಯ ಮೇಲೆ ಏನೋ ಬಡಿದಳು. ಹುಕ್ಕೇರಿಯಿಂದ ಫೋನು ಬಂತು, ಕಾಗದ ಹೊರಗೆ ಬರುತ್ತಿದೆ ಎಂದು. ಮಾಲಕರು ಎದ್ದು, ತಮ್ಮ ಕಾಲಲ್ಲಿ ಚಪ್ಪಲಿ ಇರುವುದನ್ನು ಆಗ ನೋಡಿಕೊಂಡು, "ಅಯ್ಯಯ್ಯ" ಎನ್ನುತ್ತ ಹೊರಗೆ ಹೋದರು. ಘಟಪ್ರಭೆಯವನ ಮಾತು ಮತ್ತೆ ಎತ್ತಲಿಲ್ಲ. ಆದರೆ ಅವರು ಒಪ್ಪಿದರೋ, ಕೆಲಸ ನಡೆಯಿತೆಂದು ಸುಮ್ಮನಾದರೋ ನಮಗೆ ತಿಳಿಯಲಿಲ್ಲ. ಮುಂದಿನ ಸಲ ನಿಂತರೆ ಬಿಚ್ಚಿಸಿಯೇ ಬಿಡುತ್ತಾರೆಂದು ಶೋಭಾಳಿಗೆ ಅಂಜಿಕೆ ಉಳಿಯಿತು.

ಅಂಜಿಕೆ ಇದ್ದವಳು ಸುಮ್ಮನಿರಬೇಕಲ್ಲವೇ? ಇಲ್ಲ. ಆ ಭಾಷೆ ಕಟ್ಟುವವರು ಸೇರಿ ಹರಟುವ ಒಂದು ಕಟ್ಟೆ ಇಂಟರ್‌ನೆಟ್ಟಿನಲ್ಲಿದೆಯಂತೆ. ಅಲ್ಲಿಗೆ ಮೇಲ್ ಬರೆದಳು: ಚೀಟಿ ನೋಡುವುದೇ ಮೊದಲಿನ ರೂಢಿಯಾಗಲಿ, ಬೇಡವಾದವರು ಬಾಯಿಬಿಟ್ಟು ಬೇಡ ಎನ್ನಲಿ. ಬರೆಯುವಾಗ ನನ್ನನ್ನು ಕರೆದು, "ಅಕ್ಕಾರ, ಇಂಗ್ಲಿಷಿನ್ಯಾಗ 'ರಿ' ಹ್ಯಾಂಗ ಹಚ್ಚೂದ್ರಿ?" ಎಂದು ಕೇಳಿದಳು. ಪಾಪ, ಆ ಭಾಷೆಯಲ್ಲಿ ಮರ್ಯಾದೆಗೆ ಬಾಲವೇ ಇಲ್ಲ. ಎರಡು ಸಲ ಪ್ಲೀಸ್ ಹಾಕು ಎಂದೆ. ಯಾರೋ ಪುಣ್ಯಾತ್ಮರು ಉತ್ತರ ಬರೆದರು: ನೀವು ಹೇಳುವುದು ಸರಿ, ಆದರೆ ಈಗ ಬದಲಿಸಿದರೆ ಎಷ್ಟೋ ಜನರ ನಡೆಯುತ್ತಿರುವ ಕೆಲಸ ನಿಲ್ಲುತ್ತದೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ಕೂಟರು ಏರಿ ಬಂದವರ ಮಾತೇ ಸಮುದ್ರ ದಾಟಿ ಬಂದಿತ್ತು. ಅವರು ಕೊಡುವವರೆಗೆ ಕಾಯುವುದು ಬೇಡವೆಂದು ಶೋಭಾ ತನ್ನದೇ ಒಂದು ಸಾಮಾನು ಕಟ್ಟಿಟ್ಟುಕೊಂಡಳು. ಅವಳ ಪ್ರೋಗ್ರಾಮುಗಳೆಲ್ಲ ಈಗ ಅದರ ಮೂಲಕವೇ ಹೋಗುತ್ತವೆ. ತಪಾಸಣೆ ಬೇಡವೆನ್ನುವವರು 'ನಾನು ಸೋಸದ ನೀರು ಕುಡಿಯುತ್ತೇನೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಪೂರಾ ಬರೆಯಬೇಕು. ಕಟ್ಟೆಗೆ ಮೇಲ್ ಬರೆಯುವುದನ್ನೂ ಬಿಟ್ಟಿಲ್ಲ. ಬಿಡುವುದೂ ಇಲ್ಲ.

ಕೆಲವು ತಿಂಗಳ ಮೇಲೆ, ಮೊನ್ನೆ ಒಂದು ಮಧ್ಯಾಹ್ನ, ಮಾಲಕರ ಫೋನು ಬಂತು. ಶೋಭಾ ಜ್ವರದಿಂದ ಎದ್ದು ಅವತ್ತಷ್ಟೇ ಎರಡು ತುತ್ತು ಉಂಡು ಮಲಗಿದ್ದಳು. ಹುಕ್ಕೇರಿಯಲ್ಲಿ ಪ್ರಿಂಟು ಮತ್ತೆ ನಿಂತಿದೆ ಎಂದರು. ಇನ್ನು ಬಿಚ್ಚು ಎನ್ನುತ್ತಾರೆಂದುಕೊಂಡೆ. ಬೈಯುವುದಿದ್ದರೆ ಜ್ವರದವಳ ಬದಲು ನಾನೇ ಬೈಸಿಕೊಂಡರಾಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡು, "ಎಬ್ಬಿಸ್ಲೇನ್ರಿ ಕಾಕಾ?" ಎಂದೆ.

"ಬ್ಯಾಡ್ರಿ, ಬ್ಯಾಡ್ರಿ, ಮಲಕೊಳ್ಳಿ. ಬೆಳಗಾವ್ಯಾವರು ಚೀಟಿ ಬದಲ ಮಾಡ್ಯಾರೋ, ಇಲ್ಲಾ ಯಾರರೆ ನಡಬರಕ ಬಂದ ಕುಂತಾರೋ, ನಾನ ಮಹಾಂತೇಶಗ ಫೋನ್ ಹಚ್ಚಿ ಕೇಳೇನಿ. ನೋಡಿ ಹೇಳ್ತೇನಿ ಅಂದಾನ. ಖಾತ್ರಿ ಆಗೂತನಾ ಬಂದ್ ಇರ್ಲಿ. ಹುಕ್ಕೇರಿ ಮಂದಿಗೆ ಸಂಜಿಕ ಬರ್ರಿ ಅಂತ ಹೇಳೇನಿ. ಆಕೀ ಎದ್ದ ಮ್ಯಾಲೆ ಹೇಳ್ರಿ, ಗಡಬಡಿಲ್ಲ."

ಫೋನು ಇಟ್ಟು ಅಲ್ಲೇ ನಿಂತೆ. ಕಟ್ಟಿದವಳು ಮಲಗಿದ್ದಾಳೆ, ಕಟ್ಟಿದ್ದು ಎಚ್ಚರವಾಗಿದೆ, ಅದನ್ನು ಬಿಚ್ಚಲು ಬಂದಿದ್ದವರೇ ಈಗ ಅದರ ಕಾವಲಿಗೆ ಕುಳಿತಿದ್ದಾರೆ. ಇದಕ್ಕಿಂತ ದೊಡ್ಡ ಪಗಾರ ಆ ಹುಡುಗಿಗೆ ಯಾರು ಕೊಟ್ಟಾರು? ಕೋಣೆಯಲ್ಲಿ ಇಣುಕಿ ನೋಡಿದೆ. ಕೆನ್ನೆಯ ಕೆಳಗೆ ಕೈಯಿಟ್ಟು ನಿದ್ದೆ ಹೋಗಿದ್ದಳು, ಹಣೆಯ ಮೇಲೆ ಬೆವರೊಡೆದಿತ್ತು, ಜ್ವರ ಇಳಿದಿತ್ತು. ಒಲೆಯ ಮೇಲಿನ ಕುಕ್ಕರು ಸೀಟಿ ಹೊಡೆಯುವ ಮೊದಲೇ ಹೋಗಿ ಉರಿ ಆರಿಸಿದೆ. ಬೇಳೆ ಅರ್ಧ ಬೇಯಲಿ, ಆಮೇಲೆ ನೋಡಿಕೊಂಡರಾಯಿತು.